ಐನ್ಯಾಚುರಲಿಸ್ಟ್: ಚಿಂಚೋಳಿಯ ಝೆರಾಕ್ಸ್ ಅಂಗಡಿಯಿಂದ ಒಂದು ವಿಮರ್ಶೆ

ಗಿಡದ ಫೋಟೊ ತೋರಿಸಿದರೆ ಹೆಸರು ಹೇಳುವ ಆ್ಯಪ್‌ಗಳಿಗೆ ಈಗ ಬರವಿಲ್ಲ. ಪ್ಲೇ ಸ್ಟೋರ್‌ನಲ್ಲಿ ಹುಡುಕಿದರೆ ಸಾಲುಸಾಲಾಗಿ ಬರುತ್ತವೆ. ಕೆಲವು ಒಂದೆರಡು ಫೋಟೊ ಆದ ಕೂಡಲೇ ದುಡ್ಡು ಕೇಳುತ್ತವೆ. ಅಂಥದೇ ಆ್ಯಪ್ ಐನ್ಯಾಚುರಲಿಸ್ಟ್ ಪುಕ್ಕಟೆ, ಜಾಹೀರಾತಿನ ಕಾಟವೂ ಇಲ್ಲ. ಆದರೆ ನಾನು ಇದನ್ನು ಮೆಚ್ಚಿದ್ದು ಅದಕ್ಕಲ್ಲ. ಹೆಸರು ಗೊತ್ತಾದ ಮೇಲೆ ಆ ಫೋಟೊ ಎಲ್ಲಿಗೆ ಹೋಗುತ್ತದೆ? ಯಾರ ಕೈಗೆ ಸಿಗುತ್ತದೆ? ಹತ್ತು ವರ್ಷ ಬಿಟ್ಟು ಹುಡುಕಿದರೂ ಸಿಗುತ್ತದಾ? ನನಗೆ ಬೇಕಾಗಿದ್ದು ಈ ಪ್ರಶ್ನೆಗಳಿಗೆ ಉತ್ತರ. ಅಲ್ಲಿ ಇದು ಬಹಳ ಮುಂದಿದೆ. ಕಿರಿಕಿರಿಗಳೂ ಇವೆ, ಅವನ್ನೂ ಹೇಳುತ್ತೇನೆ.

ನಾನು ವಿಜ್ಞಾನಿ ಅಲ್ಲ. ಕಲಬುರಗಿ ಜಿಲ್ಲೆಯ ಚಿಂಚೋಳಿಯಲ್ಲಿ ಝೆರಾಕ್ಸ್, ಡಿಟಿಪಿ ಅಂಗಡಿ ನಡೆಸುವವಳು. ಪಹಣಿ ತೆಗೆದುಕೊಡೋದು, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕೋದು, ಹಾಲ್‌ಟಿಕೆಟ್ ಪ್ರಿಂಟು, ಮದುವೆ ಕಾರ್ಡು, ಹೀಗೇ ದಿನ ಹೋಗುತ್ತದೆ. ಟೈಪಿಂಗ್ ಮಾಡುವವರಿಗೆ ಒಂದು ಚಾಳಿ ಇರುತ್ತದೆ. ಹಾಳೆ ಕೈಗೆ ಬಂದ ಕೂಡಲೇ ಎಲ್ಲಿ ಖಾಲಿ ಬಿಟ್ಟಿದ್ದಾರೆ, ಎಲ್ಲಿ ಒಂದೇ ಹೆಸರನ್ನು ಎರಡು ಥರ ಬರೆದಿದ್ದಾರೆ ಅನ್ನೋದೇ ಮೊದಲು ಕಣ್ಣಿಗೆ ಬೀಳುತ್ತದೆ. ಆ್ಯಪ್ ನೋಡುವಾಗಲೂ ನನಗೆ ಅದೇ ಕಣ್ಣು.

ಈ ಕಡೆ ನನ್ನ ಗಮನ ಹರಿದದ್ದು ಒಂದು ಟೈಪಿಂಗ್ ಕೆಲಸದಿಂದ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಸಮಿತಿ ಊರಿನ ಗಿಡ, ಪ್ರಾಣಿ, ತಳಿ, ಔಷಧಿ ಬಳಕೆ ಎಲ್ಲವನ್ನೂ ಒಂದು ದಾಖಲೆ ಪುಸ್ತಕದಲ್ಲಿ ಬರೆಸಬೇಕು. ಇಂಥ ಪುಸ್ತಕದ ಕಲ್ಪನೆಯನ್ನು ಬೆಳೆಸಿದವರಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮುಖ್ಯರು. ವರ್ಷಗಟ್ಟಲೆ ಬಹಳ ಕಡೆ ಈ ಕೆಲಸ ಆಗಿರಲೇ ಇಲ್ಲ. ಕೊನೆಗೆ ಹಸಿರು ನ್ಯಾಯಮಂಡಳಿ 2020ರ ಜನವರಿ 31ರೊಳಗೆ ಮುಗಿಸಿ ಅಂತ ಗಡುವು ಹಾಕಿತು. ಆಗ ಎಲ್ಲ ಕಡೆ ಗಡಿಬಿಡಿ ಶುರುವಾಯಿತು. ಒಂದು ಪಂಚಾಯತಿಯವರು ಕೈಬರಹದ ಕಟ್ಟು ತಂದು ನನ್ನ ಟೇಬಲ್ ಮೇಲಿಟ್ಟರು. ನಾನು ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದೆ, ಸ್ಪೈರಲ್ ಬೈಂಡಿಂಗ್ ಮಾಡಿಕೊಟ್ಟೆ. ಬೀಗ ಹಾಕಿದ ಅಲ್ಮಾರಿಯೊಳಗೆ ಅದು ಹೋಯಿತು. ಅಲ್ಲಿಗೆ ಮುಗಿಯಿತು.

ಆ ಪುಸ್ತಕ ಕೆಟ್ಟದ್ದಾಗಿರಲಿಲ್ಲ. ಹಿರಿಯರು ಹೇಳಿದ ಎಷ್ಟೋ ಸಂಗತಿ ಅದರಲ್ಲಿದ್ದವು. ಆದರೆ ಯೂನಿಕೋಡ್ ಅಲ್ಲದ ಫಾಂಟು. ಅದರಲ್ಲಿ ಬರೆದ 'ತೋಳ' ಅನ್ನೋ ಪದವನ್ನು ಬೇರೆ ಕಂಪ್ಯೂಟರ್ ಓದಿದರೆ ಬರೀ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ ಕಾಣುತ್ತವೆ. ತೋಳ ಯಾವತ್ತು ಕಂಡಿತ್ತು, ಯಾವ ಹಳ್ಳದ ದಂಡೆಗೆ ಕಂಡಿತ್ತು, ಯಾರು ನೋಡಿದ್ದರು, ಒಂದೂ ಇಲ್ಲ. 'ಕಾಡಿನಲ್ಲಿ ಇರುತ್ತದೆ' ಅಂತ ಮಾತ್ರ. ಪಕ್ಕದ ಪಂಚಾಯತಿಯ ಪುಸ್ತಕಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಆ ತೋಳ ಮಾತ್ರ ಎರಡೂ ಪಂಚಾಯತಿಯಲ್ಲಿ ಓಡಾಡುತ್ತದೆ.

ಆಮೇಲೆ ಒಂದು ಸಲ ಅಕ್ಕನ ಮಗ ಬಂದಿದ್ದ. ಕಲಬುರಗಿಯಲ್ಲಿ ಬಿಎಸ್‌ಸಿ ಓದುತ್ತಾನೆ. ಅಂಗಡಿ ಗೋಡೆ ಮೇಲಿನ ಪತಂಗದ ಫೋಟೊ ಹೊಡೆದು, 'ಚಿಗವ್ವ, ನೀ ದಿನಾ ಮಂದಿ ಅರ್ಜಿ ತುಂಬ್ತೀ, ಇದರದೂ ಒಂದು ಅರ್ಜಿ ತುಂಬು' ಅಂದ. ಹಾಗೆ ನನ್ನ ಫೋನಿಗೆ ಬಂತು ಈ ಆ್ಯಪು.

ಬಳಸೋದು ಸುಲಭ. ಫೋಟೊ ತೆಗೆದರೆ ದಿನಾಂಕ, ಸಮಯ, ಜಾಗ ತಾನಾಗಿ ಕೂರುತ್ತವೆ. ಇಲ್ಲಿನ ಕಾಡಿನ ಚಂದ್ರಂಪಳ್ಳಿ ಕಡೆ, ಕುಂಚಾವರಂ ಕಡೆ ಹೋದರೆ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದಕ್ಕೇನೂ ತೊಂದರೆಯಿಲ್ಲ. ಜಿಪಿಎಸ್‌ಗೆ ನೆಟ್ ಬೇಡ. ದಾಖಲೆ ಫೋನಿನಲ್ಲೇ ಕೂತಿರುತ್ತದೆ, ಮನೆಗೆ ಬಂದು ಕಳಿಸಬಹುದು. ಕಳಿಸುವಾಗ ಕಂಪ್ಯೂಟರ್ ತನಗೆ ತೋಚಿದ ಹೆಸರುಗಳನ್ನು ಸಾಲಾಗಿ ಕೊಡುತ್ತದೆ. ಅದು ಬರೀ ಸಲಹೆ. ಅಸಲಿ ಕೆಲಸ ಮಾಡೋದು ಮನುಷ್ಯರೇ. ಬೇರೆ ಬೇರೆ ಊರಿನ, ದೇಶದ ಬಳಕೆದಾರರು ನೋಡಿ ಹೌದು, ಅಲ್ಲ ಅನ್ನುತ್ತಾರೆ. ಕನಿಷ್ಠ ಇಬ್ಬರು ಹೇಳಿರಬೇಕು, ಹೇಳಿದವರಲ್ಲಿ ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ಜನ ಒಂದೇ ಜಾತಿ ಅಂತ ಒಪ್ಪಿರಬೇಕು. ಆಗ 'ರಿಸರ್ಚ್ ಗ್ರೇಡ್' ಎಂಬ ಹಸಿರು ಮುದ್ರೆ ಬೀಳುತ್ತದೆ.

ಬೆಳೆಸಿದ ಗಿಡಕ್ಕೆ ಈ ಮುದ್ರೆ ಸಿಗೋದಿಲ್ಲ. ನಮ್ಮ ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿರಬಹುದು. ಆದರೆ ಹೊಲದ ತೊಗರಿ ಫೋಟೊ ಹಾಕಿದರೆ 'ಕ್ಯಾಶುಯಲ್' ಅಂತ ಪಕ್ಕಕ್ಕಿಡುತ್ತದೆ. ಅದೇ ತೊಗರಿ ಕಾಯಿ ತಿನ್ನುವ ಕಾಯಿಕೊರಕ ಹುಳ ಹಾಕಿ, ಅದಕ್ಕೆ ಪೂರ್ತಿ ಮರ್ಯಾದೆ! ನಮ್ಮ ಮಾವನಿಗೆ ಇದನ್ನು ಹೇಳಿದಾಗ, 'ಬೆಳೀಗೆ ಬೆಲೆ ಇಲ್ಲ, ಹುಳಕ್ಕ ಅದ ನೋಡು' ಅಂದರು.

ಇನ್ನು ಮುದ್ರೆ ಬಿದ್ದ ಮೇಲಿನ ಕಥೆ. ನನ್ನ ಪ್ರಕಾರ ಈ ಸೇವೆಯ ತಿರುಳು ಇಲ್ಲಿದೆ.

ಪಹಣಿ ತೆಗೆಸಲು ಬರುವವರನ್ನು ನೋಡಿ. ಅಪ್ಪನ ಹೆಸರು ಆಧಾರ್‌ನಲ್ಲಿ ಒಂದು ಥರ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನ್ನೊಂದು ಥರ, ಪಹಣಿಯಲ್ಲಿ ಮತ್ತೊಂದು ಥರ. ಹೆಸರು ನಂಬಿ ಹುಡುಕಿದರೆ ದಿನವಿಡೀ ಹುಡುಕಬೇಕು. ಸರ್ವೆ ನಂಬರ್ ಕೊಟ್ಟರೆ ಒಂದೇ ಸಲಕ್ಕೆ ಜಮೀನು ಸಿಗುತ್ತದೆ. ಅದೇ ನಂಬರ್ ಹಿಡಿದು ಮ್ಯುಟೇಶನ್ ನೋಡಬಹುದು, ಬೆಳೆ ವಿಮೆ ನೋಡಬಹುದು. ಕಂಪ್ಯೂಟರ್ ಮಂದಿ 'ಲಿಂಕ್ಡ್ ಡೇಟಾ' ಅನ್ನುವ ಜೋಡಿಸಿದ ದತ್ತಾಂಶ ಅಂದರೆ ಇಷ್ಟೇ. ಪ್ರತಿಯೊಂದಕ್ಕೂ ಬದಲಾಗದ ಒಂದು ಗುರುತು ಕೊಡಬೇಕು. ಆ ಗುರುತು ಇಂಟರ್‌ನೆಟ್‌ನಲ್ಲಿ ಒತ್ತಿದರೆ ತೆರೆದುಕೊಳ್ಳಬೇಕು. ತೆರೆದಾಗ ಉಪಯೋಗವಾಗುವ ಮಾಹಿತಿ ಇರಬೇಕು, ಬೇರೆ ಗುರುತುಗಳಿಗೆ ಕೊಂಡಿಯೂ ಇರಬೇಕು. ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ 2006ರಲ್ಲಿ ಇದನ್ನು ನಾಲ್ಕು ನಿಯಮಗಳಾಗಿ ಬರೆದಿಟ್ಟರು.

ನಮ್ಮ ಫೋಟೊ ಈ ದಾರಿ ಹಿಡಿಯೋದು ಹೀಗೆ. ಹಸಿರು ಮುದ್ರೆ ಬಿದ್ದ ದಾಖಲೆ ಜಿಬಿಐಎಫ್‌ಗೆ ಹೋಗುತ್ತದೆ. ಇದು 2001ರಲ್ಲಿ ಶುರುವಾದ ಅಂತರರಾಷ್ಟ್ರೀಯ ಜೀವವೈವಿಧ್ಯ ದತ್ತಾಂಶ ಜಾಲ, ಕಚೇರಿ ಕೋಪನ್‌ಹೇಗನ್‌ನಲ್ಲಿದೆ. ಅಲ್ಲಿ 300 ಕೋಟಿಗೂ ಜಾಸ್ತಿ ದಾಖಲೆಗಳಿವೆ. ಮ್ಯೂಸಿಯಂಗಳ ಒಣಗಿದ ಎಲೆ, ಪಿನ್ನು ಚುಚ್ಚಿದ ಚಿಟ್ಟೆ, ಹಕ್ಕಿ ವೀಕ್ಷಕರ ಪಟ್ಟಿ, ನನ್ನ ಗೋಡೆ ಮೇಲಿನ ಪತಂಗ ಎಲ್ಲ ಒಂದೇ ನಮೂನೆಯಲ್ಲಿ ಕೂರುತ್ತವೆ. ಆ ನಮೂನೆಗೆ ಡಾರ್ವಿನ್ ಕೋರ್ ಅಂತ ಹೆಸರು. 2009ರಿಂದ ಇದು ಅಧಿಕೃತ ಮಾನದಂಡ. ವೈಜ್ಞಾನಿಕ ಹೆಸರು, ದಿನಾಂಕ, ಅಕ್ಷಾಂಶ-ರೇಖಾಂಶ, ಕಣ್ಣಾರೆ ನೋಡಿದ್ದೋ ಸಂಗ್ರಹಿಸಿದ್ದೋ, ಹೀಗೆ ಪ್ರತಿ ಕಾಲಂ ಪಕ್ಕಾ. ಅರ್ಜಿ ಫಾರಂ ತುಂಬಿ ತುಂಬಿ ಸಾಕಾದ ನನಗೆ ಇಂಥ ಫಾರಂ ಕಂಡರೆ ಖುಷಿ. ಅಲ್ಲಿಂದ ಯಾರಾದರೂ ಸಂಶೋಧಕರು ದತ್ತಾಂಶ ಇಳಿಸಿಕೊಂಡರೆ ಆ ಡೌನ್‌ಲೋಡ್‌ಗೇ ಒಂದು ಡಿಒಐ, ಅಂದರೆ ಬದಲಾಗದ ಗುರುತು ಸಂಖ್ಯೆ, ಹುಟ್ಟುತ್ತದೆ. ಅವರು ಪ್ರಬಂಧದಲ್ಲಿ ಆ ಸಂಖ್ಯೆ ಬರೆದರೆ, ಯಾರ ದಾಖಲೆ ಎಲ್ಲಿ ಬಳಕೆಯಾಯಿತು ಅಂತ ಹಿಂದಕ್ಕೆ ಹುಡುಕಬಹುದು.

2012ರಲ್ಲಿ ಶುರುವಾದ ವಿಕಿಡೇಟಾ, ಅಂದರೆ ವಿಕಿಪೀಡಿಯ ಬಳಗದ ತೆರೆದ ದತ್ತಾಂಶ ಕಣಜ, ಇವನ್ನೆಲ್ಲ ಕಟ್ಟುವ ಇನ್ನೊಂದು ಗಂಟು. ನವಿಲಿಗೆ ಅಲ್ಲಿ ಒಂದೇ ಪುಟ. ಅದರಲ್ಲಿ ಜಿಬಿಐಎಫ್ ಸಂಖ್ಯೆಗೆ ಪಿ846 ಅನ್ನೋ ಜಾಗ, ಐನ್ಯಾಚುರಲಿಸ್ಟ್ ಸಂಖ್ಯೆಗೆ ಪಿ3151. ಹಕ್ಕಿ ವೀಕ್ಷಕರು ಪಟ್ಟಿ ಹಾಕುವ ಈಬರ್ಡ್ ತಾಣದಲ್ಲಿ ನವಿಲಿನ ಗುರುತು 'ಕಾಂಪೀ' (compea) ಅನ್ನೋ ಆರು ಇಂಗ್ಲಿಷ್ ಅಕ್ಷರದ ಸಂಕೇತ, ಅದಕ್ಕೂ ಅಲ್ಲೊಂದು ಜಾಗ ಇದೆ. ಮೂರು ಬೇರೆ ಬೇರೆ ಸಂಸ್ಥೆಗಳ ಲೆಕ್ಕ ಒಂದೇ ಪುಟದಲ್ಲಿ ಕೈ ಕುಲುಕುತ್ತವೆ. ಪಹಣಿಗೂ ಆಧಾರ್‌ಗೂ ಇಷ್ಟು ಸಲೀಸಾಗಿ ಆಗಿದ್ದರೆ ನನ್ನ ಅಂಗಡಿ ಮುಂದೆ ಅರ್ಧ ಕ್ಯೂ ಇರುತ್ತಿರಲಿಲ್ಲ.

ಇದರಿಂದ ಕಾಡಿಗೇನು ಲಾಭ ಅಂತ ಕೇಳಬಹುದು. ಜಾಲಿ ಗಿಡ ತಗೊಳ್ಳಿ. ನಮ್ಮ ಹೊಲದ ಬದುವಿನ ಕರಿಜಾಲಿಗೆ ಹಳೆಯ ಪುಸ್ತಕಗಳಲ್ಲಿ ಅಕೇಶಿಯಾ ಅರೇಬಿಕಾ ಅಂತಿದೆ. ಆಮೇಲೆ ಅಕೇಶಿಯಾ ನಿಲೋಟಿಕಾ ಆಯಿತು, ಈಗ ವಾಚೆಲಿಯಾ ನಿಲೋಟಿಕಾ. ಎಲ್ಲ ಕಡೆ ಹಬ್ಬಿ ಕೂತಿರುವ ಬಳ್ಳಾರಿ ಜಾಲಿ ನಿನ್ನೆ ಮೊನ್ನೆವರೆಗೂ ಪ್ರೊಸಾಪಿಸ್ ಜುಲಿಫ್ಲೋರಾ. 2022ರಲ್ಲಿ ಸಸ್ಯಶಾಸ್ತ್ರಜ್ಞರು ಅದನ್ನು ನೆಲ್ಟುಮಾ ಕುಲಕ್ಕೆ ಸೇರಿಸಿದರು. ಒಂದು ನಮ್ಮದೇ ಮರ, ಇನ್ನೊಂದು ಹೊರಗಿನಿಂದ ಬಂದು ಬಯಲು ನುಂಗುತ್ತಿರುವ ಗಿಡ. ಹೊರಗಿನದು ಯಾವ ವರ್ಷ ಎಲ್ಲಿವರೆಗೆ ಹಬ್ಬಿತು ಅಂತ ತಿಳಿಯಬೇಕಾದರೆ ಹಳೆಯ ಹೆಸರಿನ ದಾಖಲೆಯೂ ಬೇಕು, ಹೊಸ ಹೆಸರಿನದೂ ಬೇಕು. ಹೆಸರುಗಳನ್ನು ಒಂದೇ ಗುರುತಿಗೆ ಕಟ್ಟದಿದ್ದರೆ ಅರ್ಧ ನಕ್ಷೆ ಮಾತ್ರ ಸಿಗುತ್ತದೆ. ಜಿಬಿಐಎಫ್ ಈ ಪರ್ಯಾಯ ಹೆಸರುಗಳನ್ನು ಒಟ್ಟಿಗೆ ಇಟ್ಟು ತೋರಿಸುತ್ತದೆ.

ಊರಿನ ಹೆಸರಿನ ಪಾಡು ಇನ್ನೂ ಮಜಾ. ಗುಲ್ಬರ್ಗ 2014ರಲ್ಲಿ ಕಲಬುರಗಿ ಆಯಿತು. ಅದಕ್ಕೂ ಮೊದಲು, 2009ರ ಡಿಸೆಂಬರ್ ಕೊನೆಗೆ, ಯಾದಗಿರಿ ಬೇರೆ ಜಿಲ್ಲೆಯಾಗಿ ಹೊರಬಂತು. 1956ರವರೆಗೆ ನಾವೆಲ್ಲ ಹೈದರಾಬಾದ್ ರಾಜ್ಯದವರು. ಪಕ್ಷಿ ತಜ್ಞ ಸಲೀಂ ಅಲಿಯವರು 1931-32ರಲ್ಲಿ ನಡೆಸಿದ ಹಕ್ಕಿ ಸಮೀಕ್ಷೆ ಆ ಹೈದರಾಬಾದ್ ರಾಜ್ಯದ್ದೇ. ಈಗ ಸುರಪುರ ತಾಲೂಕಿನ ಬೋನಾಳ ಕೆರೆಯ ಹಕ್ಕಿಗಳ ಬಗ್ಗೆ ಯಾರಾದರೂ ಹಳೆಯ ಲೆಕ್ಕ ಹುಡುಕಬೇಕಾದರೆ 'ಯಾದಗಿರಿ' ಅಂತ ಹುಡುಕಿದರೆ ಸಾಲದು. 'ಗುಲ್ಬರ್ಗ ಜಿಲ್ಲೆ' ಅಂತಲೂ ಹುಡುಕಬೇಕು, ಇನ್ನೂ ಹಿಂದಕ್ಕೆ ಹೋದರೆ 'ಹೈದರಾಬಾದ್' ಅಂತಲೂ. ಹಾಗೆ ಹುಡುಕಿದರೆ ತೆಲಂಗಾಣದ ಹಕ್ಕಿಗಳೂ ಸೇರಿ ಗೊಂದಲ. ಅಕ್ಷಾಂಶ-ರೇಖಾಂಶ ಇದ್ದ ದಾಖಲೆಗೆ ಈ ತಂಟೆಯಿಲ್ಲ. ಜಿಲ್ಲೆ ಒಡೆಯಲಿ, ಹೆಸರು ಬದಲಾಗಲಿ, ಕೆರೆ ಅಲ್ಲೇ ಇರುತ್ತದೆ.

ಬೋನಾಳಕ್ಕೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾದಲ್ಲಿ ಸಂಶೋಧಕರು ಕುತ್ತಿಗೆಗೆ ನಂಬರ್ ಪಟ್ಟಿ ಹಾಕಿ ಬಿಟ್ಟ ಇಂಥ ಬಾತುಗಳನ್ನು ಕರ್ನಾಟಕದ ಕೆರೆಗಳಲ್ಲಿ ನೋಡಿದವರಿದ್ದಾರೆ. ಆ ಪಟ್ಟಿ ಮೇಲಿನ ನಂಬರ್ ಓದಿ ಸರಿಯಾದ ಕಡೆ ತಲುಪಿಸಿದರೆ ಎರಡು ದೇಶದ ಎರಡು ಕೆರೆಗಳ ನಡುವೆ ಗೆರೆ ಎಳೆದಂತೆ. ಸುಮ್ನೆ ಸ್ಟೇಟಸ್‌ಗೆ ಹಾಕಿದರೆ ಇಪ್ಪತ್ನಾಲ್ಕು ಗಂಟೆಗೆ ಮಾಯ.

ಇನ್ನೊಂದು ಮಾತು. ಹಕ್ಕಿಗಳ ಮಟ್ಟಿಗೆ ನಾನು ಐನ್ಯಾಚುರಲಿಸ್ಟ್‌ಗಿಂತ ಈಬರ್ಡ್ ಅನ್ನೇ ಮುಂದಿಡುತ್ತೇನೆ. ಐನ್ಯಾಚುರಲಿಸ್ಟ್‌ನಲ್ಲಿ ನಮಗೆ ಚೆಂದ ಕಂಡದ್ದನ್ನಷ್ಟೇ ಹಾಕುತ್ತೇವೆ. ನವಿಲು ಹಾಕುತ್ತೇವೆ, ಕಾಗೆ ಬಿಡುತ್ತೇವೆ. ಈಬರ್ಡ್‌ನಲ್ಲಿ ಒಂದಷ್ಟು ಹೊತ್ತು ನಿಂತು ಕಂಡ ಎಲ್ಲ ಹಕ್ಕಿಗಳ ಪಟ್ಟಿ ಕೊಡೋದು ರೂಢಿ. ಪಟ್ಟಿಯಲ್ಲಿ ಇಲ್ಲದ ಹಕ್ಕಿಯೂ ಆಗ ಒಂದು ಮಾಹಿತಿಯಾಗುತ್ತದೆ. ಹೀಗೆ 30,000ಕ್ಕೂ ಹೆಚ್ಚು ಜನ ಕೊಟ್ಟ 3 ಕೋಟಿ ದಾಖಲೆಗಳ ಮೇಲೆ ನಿಂತದ್ದು 2023ರ ಭಾರತದ ಹಕ್ಕಿಗಳ ಸ್ಥಿತಿ ವರದಿ. ಅದು 942 ಜಾತಿಗಳನ್ನು ನೋಡಿ 178 ಜಾತಿಗಳಿಗೆ ತುರ್ತು ಗಮನ ಬೇಕು ಅಂದಿತು. 14 ಜಾತಿಗಳ ಅಪಾಯದ ಮಟ್ಟವನ್ನು ಅಳಿವಿನಂಚಿನ ಜೀವಿಗಳ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಮತ್ತೆ ಅಳೆಯಬೇಕು ಅಂತ ಶಿಫಾರಸು ಮಾಡಿತು. ಆ ಹದಿನಾಲ್ಕರಲ್ಲಿ ನಮ್ಮ ರಾಜ್ಯಪಕ್ಷಿ ನೀಲಕಂಠವೂ ಇದೆ. ಕರೆಂಟ್ ತಂತಿ ಮೇಲೆ ಕೂತ ನೀಲಕಂಠ ಮೊದಲಿನಷ್ಟು ಕಾಣುತ್ತಿಲ್ಲ ಅಂತ ಇಲ್ಲಿನ ಹಿರಿಯರು ಎಂದೋ ಹೇಳುತ್ತಿದ್ದರು. ಹೇಳಿದ್ದು ಲೆಕ್ಕಕ್ಕೆ ಸಿಗಲಿಲ್ಲ, ಪಟ್ಟಿ ಸಿಕ್ಕಿತು. ಗಿಡ, ಹುಳ, ಹಲ್ಲಿ, ಹಾವಿಗೆ ಮಾತ್ರ ಐನ್ಯಾಚುರಲಿಸ್ಟ್‌ಗೆ ಸಾಟಿಯಿಲ್ಲ.

ಈಗ ಜಾಗ ಮುಚ್ಚಿಡುವ ವಿಷಯ. ಚಿಂಚೋಳಿ ವನ್ಯಜೀವಿಧಾಮ 2011ರಲ್ಲಿ ಘೋಷಣೆಯಾಯಿತು, ವಿಸ್ತೀರ್ಣ 134.88 ಚದರ ಕಿಲೋಮೀಟರ್. ತೋಳ, ಕತ್ತೆಕಿರುಬ ಇವೆ. ಶ್ರೀಗಂಧ, ರಕ್ತಚಂದನವೂ ಇವೆ. ರಕ್ತಚಂದನದ ಮರ ಎಲ್ಲಿದೆ ಅಂತ ಮೀಟರ್ ಲೆಕ್ಕದಲ್ಲಿ ನಕ್ಷೆಗೆ ಹಾಕಿದರೆ ಮೊದಲು ಓದುವವನು ವಿಜ್ಞಾನಿಯೇ ಆಗಿರಬೇಕು ಅಂತೇನಿಲ್ಲ, ಅಲ್ವಾ? ಐನ್ಯಾಚುರಲಿಸ್ಟ್ ಅಪಾಯದ ಪಟ್ಟಿಯಲ್ಲಿರುವ ಎಷ್ಟೋ ಜೀವಿಗಳ ಜಾಗವನ್ನು ತಾನಾಗೇ ಮಸುಕು ಮಾಡುತ್ತದೆ. 0.2 ಡಿಗ್ರಿ ಅಗಲದ ಒಂದು ಚೌಕದೊಳಗೆ ಎಲ್ಲೋ ಒಂದು ಕಡೆ ಚುಕ್ಕೆ ಇಡುತ್ತದೆ. ನಮ್ಮ ಕಡೆ ಆ ಚೌಕ ಉದ್ದಕ್ಕೂ ಅಗಲಕ್ಕೂ ಇಪ್ಪತ್ತು ಕಿಲೋಮೀಟರ್ ಮೀರುತ್ತದೆ. ಅಂದರೆ ಇಡೀ ವನ್ಯಜೀವಿಧಾಮಕ್ಕಿಂತ ದೊಡ್ಡದು. ದಿನಾಂಕವನ್ನೂ ತಿಂಗಳಷ್ಟೇ ತೋರಿಸುತ್ತದೆ. ತಾನಾಗಿ ಮುಚ್ಚದಿದ್ದರೆ ನಾವೇ ಕೈಯಾರೆ ಮುಚ್ಚುವ ಆಯ್ಕೆಯಿದೆ. ನಾನು ಗೂಡು, ಬಿಲ, ಗಂಧದ ಜಾತಿಯ ಮರ ಯಾವುದನ್ನೂ ತೆರೆದು ಹಾಕೋದಿಲ್ಲ.

ಇದರ ಇನ್ನೊಂದು ಮುಖ ಏನೆಂದರೆ, ಹೀಗೆ ಮಸುಕಾದ ಚುಕ್ಕೆ ಸಾರ್ವಜನಿಕ ನಕ್ಷೆಯಲ್ಲಿ ಇಲ್ಲಿನ ಕಾಡಿಗೆ ಅಷ್ಟಾಗಿ ಉಪಯೋಗಕ್ಕೆ ಬರೋದಿಲ್ಲ. ಕಾಡಿನ ಯಾವ ಅಂಚಿಗೆ ರಸ್ತೆ ಬೇಡ ಅಂತ ಹೇಳಬೇಕಾದರೆ ಇಪ್ಪತ್ತು ಕಿಲೋಮೀಟರ್ ಚೌಕ ತೋರಿಸಿ ವಾದ ಮಾಡಲು ಆಗುತ್ತದಾ? ಅದಕ್ಕೂ ಒಂದು ದಾರಿ ಇದೆ. ಐನ್ಯಾಚುರಲಿಸ್ಟ್‌ನಲ್ಲೇ 'ಪ್ರಾಜೆಕ್ಟ್' ಅನ್ನೋ ಗುಂಪು ಮಾಡಿಕೊಂಡು, ಸೇರಿದವರು ಒಪ್ಪಿದರೆ, ನಡೆಸುವವರಿಗೆ ಮಾತ್ರ ಅಸಲಿ ಜಾಗ ಕಾಣುವಂತೆ ಮಾಡಬಹುದು. ಆದರೆ ಆ ಸೆಟ್ಟಿಂಗ್ ಹುಡುಕಿ ಅರ್ಥ ಮಾಡಿಕೊಳ್ಳೋದು ಹೊಸಬರಿಗೆ ಕಷ್ಟ.

ಜಾಗದಷ್ಟೇ ಜೋಪಾನ ಮಾಡಬೇಕಾದ್ದು ಇನ್ನೊಂದಿದೆ. ನಾನು ಟೈಪ್ ಮಾಡಿದ ಆ ಪುಸ್ತಕದಲ್ಲಿ ತಾಂಡಾದ ಹಿರಿಯರು, ನಾಟಿ ವೈದ್ಯರು ಹೇಳಿದ ಔಷಧಿ ಬಳಕೆಗಳಿವೆ. ಯಾವ ಬೇರು, ಯಾವ ಜ್ವರಕ್ಕೆ, ಎಷ್ಟು ಅಂತ. ಅದನ್ನು ಯಾವ ಆ್ಯಪಿಗೂ ಹಾಕಬಾರದು ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ. ಗಿಡ ಇಲ್ಲಿದೆ ಅನ್ನೋದು ಎಲ್ಲರಿಗೂ ತಿಳಿಯಲಿ. ಗಿಡದಿಂದ ಏನು ಮಾಡುತ್ತಾರೆ ಅನ್ನೋದು ಆ ಜನರ ಆಸ್ತಿ. ಅದನ್ನು ಬಳಸಿ ಯಾರಾದರೂ ದುಡ್ಡು ಮಾಡಿದರೆ ಅವರಿಗೂ ಪಾಲು ಸಿಗಬೇಕು ಅಂತಲೇ 2002ರ ಕಾಯ್ದೆಯಲ್ಲಿ ಲಾಭ ಹಂಚಿಕೆಯ ಮಾತು ಬಂದಿದ್ದು. ತೆರೆದ ಜಾಲಕ್ಕೆ ಒಮ್ಮೆ ಬಿಟ್ಟರೆ ವಾಪಸ್ ತರೋಕಾಗಲ್ಲ. ಎಲ್ಲವನ್ನೂ ಜೋಡಿಸೋಣ ಅನ್ನುವ ಕಂಪ್ಯೂಟರ್ ಮಂದಿ ಈ ಮಾತು ಬಂದಾಗ ಸ್ವಲ್ಪ ಅವಸರ ಮಾಡುತ್ತಾರೆ.

ಕೊರತೆಗಳ ವಿಷಯಕ್ಕೆ ಬಂದರೆ, ಮೊದಲನೆಯದು ಕನ್ನಡ. ಎಷ್ಟೋ ಜೀವಿಗಳಿಗೆ ಕನ್ನಡ ಹೆಸರು ಇಲ್ಲ. ಸೇರಿಸಲು ಅವಕಾಶವಿದೆ, ಸೇರಿಸುವವರು ಕಡಿಮೆ. ವಿಕಿಡೇಟಾದಲ್ಲಿ ನೀವು ಕನ್ನಡ ಹೆಸರು ಹಾಕಿದರೂ ಅದು ತಾನಾಗಿ ಇಲ್ಲಿಗೆ ಬರೋದಿಲ್ಲ. ಸಂಖ್ಯೆಗಳು ಜೋಡಿಯಾಗಿವೆ, ಹೆಸರುಗಳು ಆಗಿಲ್ಲ. ಎರಡು ಕಡೆ ಟೈಪ್ ಮಾಡಬೇಕು. ಟೈಪಿಂಗ್‌ಗೆ ಪುಟದ ಲೆಕ್ಕದಲ್ಲಿ ದುಡ್ಡು ತಗೊಳ್ಳುವ ನನಗೇ ಇದು ಬೇಜಾರು.

ಎರಡನೆಯದು ನಕ್ಷೆಯ ಸೊಟ್ಟು. ಪಶ್ಚಿಮ ಘಟ್ಟದ ಕಡೆ ಚುಕ್ಕೆ ಮೇಲೆ ಚುಕ್ಕೆ, ನಮ್ಮ ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಗಳಲ್ಲಿ ಅಲ್ಲೊಂದು ಇಲ್ಲೊಂದು. ಇರುವ ಚುಕ್ಕೆಗಳೂ ರಸ್ತೆ ಬದಿ, ಕೆರೆ ದಂಡೆ, ಬೀದರ್ ಕೋಟೆಯಂಥ ಮಂದಿ ಹೋಗುವ ಜಾಗದಲ್ಲೇ ಜಾಸ್ತಿ. ಇದನ್ನು ನೋಡಿ ಯಾರಾದರೂ 'ಅಲ್ಲೇನೂ ಇಲ್ಲ, ಬರಡು ನೆಲ' ಅಂದುಕೊಂಡರೆ ಪೂರ್ತಿ ತಪ್ಪು. ಅಲ್ಲಿ ಫೋಟೊ ಹೊಡೆಯುವವರು ಇಲ್ಲ, ಅಷ್ಟೇ. ಬೀದರ್ ಕಡೆಯ ಹುಲ್ಲುಬಯಲಿನಲ್ಲಿ ಚಿಗರಿ ಹಿಂಡು ನೋಡಿದವರು ಬರಡು ಅನ್ನುವ ಮಾತು ಆಡಲಾರರು. ಸೋಲಾರ್ ಪಾರ್ಕಿಗೋ ಕಾರ್ಖಾನೆಗೋ ಜಾಗ ಹುಡುಕುವವರು ಮಾತ್ರ ನಕ್ಷೆ ನೋಡಿಯೇ ಬರುತ್ತಾರೆ.

ಮೂರನೆಯದು ಕಾಯುವ ಕೆಲಸ. ಚಿಟ್ಟೆ, ಹಕ್ಕಿಗೆ ಬೇಗ ಗುರುತು ಸಿಗುತ್ತದೆ. ಜೇಡ, ನೊಣ, ಹುಲ್ಲಿನ ಜಾತಿಗೆ ಬಲ್ಲವರೇ ಕಡಿಮೆ, ಹಾಗಾಗಿ ತಿಂಗಳುಗಟ್ಟಲೆ ಹಾಗೇ ಕೂರಬಹುದು. ತಾಳ್ಮೆ ಬೇಕು. ಸಣ್ಣ ಮಕ್ಕಳಿಗಾದರೆ ಇವರದೇ 'ಸೀಕ್' ಅನ್ನೋ ಆ್ಯಪ್ ಒಳ್ಳೆಯದು. ಖಾತೆ ತೆರೆಯೋದು ಬೇಡ, ಹೆಸರು ತಕ್ಷಣ ಹೇಳುತ್ತದೆ.

ಬಳಸಲು ಶುರು ಮಾಡುವವರು ಸೆಟ್ಟಿಂಗ್ಸ್‌ನಲ್ಲಿ ಪರವಾನಗಿ ನೋಡಿಕೊಳ್ಳಿ. 'ಎಲ್ಲ ಹಕ್ಕು ಕಾಯ್ದಿರಿಸಿದೆ' ಅಂತ ಇಟ್ಟರೆ ನಿಮ್ಮ ದಾಖಲೆ ಜಿಬಿಐಎಫ್‌ಗೆ ಹೋಗುವುದಿಲ್ಲ. ಮೊದಲಿಂದ ಇರುವ ಆಯ್ಕೆಯಲ್ಲಿ ನಿಮ್ಮ ಹೆಸರು ಹಾಕಿ, ವ್ಯಾಪಾರಕ್ಕಲ್ಲದೆ ಬಳಸಬಹುದು ಅಂತಿರುತ್ತದೆ. ಅದನ್ನು ಹಾಗೇ ಬಿಟ್ಟರೆ ಸಾಕು. 2008ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಹುಟ್ಟಿದ ಇದು 2023ರಿಂದ ಸ್ವತಂತ್ರ ಲಾಭರಹಿತ ಸಂಸ್ಥೆ. ವಿದೇಶಿ ಆ್ಯಪ್ ಬೇಡ ಅನ್ನುವವರಿಗೆ ನಮ್ಮಲ್ಲೇ 2008ರಿಂದ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಇದೆ, ಅದನ್ನೂ ನೋಡಬಹುದು.

ಐದಕ್ಕೆ ನಾಲ್ಕು ಕೊಡುತ್ತೇನೆ. ಅರ್ಧ ಅಂಕ ಕನ್ನಡಕ್ಕೆ ಕಟ್, ಇನ್ನರ್ಧ ಆ ಪ್ರಾಜೆಕ್ಟ್ ಸೆಟ್ಟಿಂಗ್‌ಗೆ.

ನನ್ನ ಅಂಗಡಿಗೆ ಬಂದು 'ಅಕ್ಕಾರೆ, ಈ ಹಾವು ಯಾವುದು ನೋಡ್ರಿ' ಅನ್ನುವವರಿಗೆ ಒಂದು ವಿನಂತಿ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದರೊಳಗಿನ ಜಾಗದ ಮಾಹಿತಿ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಫೋನ್ ಹಿಡಿದುಕೊಂಡು ಅಂಗಡಿಗೇ ಬನ್ನಿ. ಹಾವನ್ನು ಮಾತ್ರ ತರಬೇಡಿ.